ಬಿಗಿ ಎಷ್ಟು, ಸಡಿಲ ಎಷ್ಟು? ಹಳೇ ಹೆರಾಲ್ಡಿನ ಚಕ್ರ ಅಲುಗಾಡಿದಾಗ

ಡಿಸೈನ್ ಪೇಪರಿನಲ್ಲಿ ಬೇರಿಂಗ್ ಲೆಕ್ಕ ಬಂದರೆ ನಮಗೆಲ್ಲ ಖುಷಿ. ಡೇಟಾ ಹ್ಯಾಂಡ್‌ಬುಕ್ ತೆಗಿ, ಟೇಬಲ್ ನೋಡು, ಸಿ ಬೆಲೆ ಹಾಕು, ಪಿ ಬೆಲೆ ಹಾಕು, ಉತ್ತರದ ಕೆಳಗೆ ಎರಡು ಗೆರೆ ಎಳಿ, ಮುಗೀತು. ಆದರೆ ಪ್ರಶ್ನೆಪತ್ರಿಕೆ ಕೇಳದ ಪ್ರಶ್ನೆಯೊಂದು ಉಳಿದೇ ಇರುತ್ತದೆ. ಆ ಬೇರಿಂಗನ್ನು ಹಬ್ಬಿನಲ್ಲಿ ಕೂರಿಸಿದ ಮೇಲೆ ನಟ್ಟನ್ನು ಎಷ್ಟು ಬಿಗಿ ಮಾಡಬೇಕು? ಹಳೇ ಕಾರಿನ ಮುಂದಿನ ಚಕ್ರ ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ 'ಟಕ್ ಟಕ್' ಅಂತ ಸದ್ದು ಬಂದರೆ, ಉತ್ತರ ಬೇಕಾಗಿರುವುದು ಈ ಪ್ರಶ್ನೆಗೆ.

ನಮ್ಮ ಆಟೋಮೊಬೈಲ್ ಲ್ಯಾಬ್ ಹಿಂದಿನ ಶೆಡ್ಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ನಿವೃತ್ತರಾದ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ತಮ್ಮ ಕಾರನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಷರತ್ತು ಒಂದೇ: ಅದು ಷೋಕೇಸಿನ ಬೊಂಬೆ ಆಗಬಾರದು, ಓಡಬೇಕು. ಓಡಬೇಕು ಅಂದ್ರೆ ಅದರಲ್ಲಿ ಜನ ಕೂರುತ್ತಾರೆ. ಕಾಲೇಜು ಡೇ ದಿನ ಸರ್ ಮತ್ತು ಅವರ ಮನೆಯವರೇ ಕೂರುವವರು. ಹಾಗಾಗಿ ಎಡಗಡೆ ಮುಂದಿನ ಚಕ್ರದಲ್ಲಿ ಪ್ಲೇ ಕಂಡಾಗ, ಗೂಗಲ್ ಮಾಡಿ ಒಂದು ಸಂಜೆ ಮುಗಿಸುವ ಕೆಲಸ ಇದಲ್ಲ ಅಂತ ನಮಗೆ ಗೊತ್ತಿತ್ತು. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ಮನೆಯಲ್ಲಿ ತಾತನ ಕಾಲದ ಕಾರು ಇರುವವರಿಗೆ ನೇರವಾಗಿ ಉಪಯೋಗ. ಇಲ್ಲದವರಿಗೆ ವೈವಾದಲ್ಲಿ ಉಪಯೋಗ.

ಕಾರಿನ ಪರಿಚಯ

ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಬಂದದ್ದು 1959ರಲ್ಲಿ. ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಲ್ಲಿ ನಮ್ಮಲ್ಲಿ ತಯಾರಿಸಿತು. ಅಂಬಾಸಡರ್, ಫಿಯೆಟ್ ಜೊತೆ ನಮ್ಮ ರಸ್ತೆಗಳಲ್ಲಿ ಕಾಣುತ್ತಿದ್ದ ಮೂರನೇ ಕಾರು ಇದು. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಹಾಗೆ ತೆರೆದರೆ ಮುಂದಿನ ಸಸ್ಪೆನ್ಷನ್ ಪೂರ್ತಿ ಕಣ್ಣೆದುರಿಗೇ ಬರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಕಟ್ ಸೆಕ್ಷನ್ ಮಾಡೆಲ್ ಸಿಗಲ್ಲ.

ಮುಂದಿನ ಪ್ರತಿ ಚಕ್ರದ ಹಬ್ಬಿನೊಳಗೆ ಎರಡು ಟೇಪರ್ ರೋಲರ್ ಬೇರಿಂಗ್ ಇವೆ. ಒಳಗಡೆ ಒಂದು ದೊಡ್ಡದು, ಹೊರಗಡೆ ಒಂದು ಚಿಕ್ಕದು. ಟೇಪರ್ ರೋಲರ್ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದವರಲ್ಲಿ ಹೆನ್ರಿ ಟಿಮ್ಕೆನ್ ಒಬ್ಬರು. ಅವರು ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಕುದುರೆ ಗಾಡಿ ತಯಾರಿಸುತ್ತಿದ್ದವರು. ಗಾಡಿ ತಿರುವಿನಲ್ಲಿ ತಿರುಗುವಾಗ ಅಚ್ಚಿನ ಮೇಲೆ ಭಾರ ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಹೊರಬೇಕು ಅಂದರೆ ರೋಲರನ್ನು ಓರೆಯಾಗಿ ಕೂರಿಸಬೇಕು. ಇದೇ ಟೇಪರಿನ ಹಿಂದಿನ ವಿಚಾರ.

ನಮ್ಮ ಎತ್ತಿನ ಗಾಡಿಯಲ್ಲೂ ಇದರ ಅಣ್ಣತಮ್ಮಂದಿರು ಇದ್ದಾರೆ. ಅಚ್ಚು ಅಂದರೆ ಇಲ್ಲಿ ಸ್ಟಬ್ ಆಕ್ಸಲ್. ಕೀಲೆಣ್ಣೆ ಅಂದರೆ ಗ್ರೀಸು. ಚಕ್ರ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಡೆಗೀಲು ಅಂದರೆ ಸ್ಪ್ಲಿಟ್ ಪಿನ್. ಗಾಡಿಯ ಚಕ್ರ ಅಚ್ಚಿನ ಮೇಲೆ ಸ್ವಲ್ಪ ಆಚೀಚೆ ಆಡುತ್ತಲೇ ಓಡುತ್ತದೆ. ಕಾರಿನ ಚಕ್ರವೂ ಆಡಬೇಕು, ಆದರೆ ಕೂದಲೆಳೆಯಷ್ಟು ಮಾತ್ರ.

ಯಾಕೆ ಸ್ವಲ್ಪ ಸಡಿಲ ಬೇಕೇ ಬೇಕು?

ಟೇಪರ್ ರೋಲರ್ ಬೇರಿಂಗ್ ಎರಡು ಭಾಗವಾಗಿ ಸಿಗುತ್ತದೆ. ಹಬ್ಬಿಗೆ ಬಿಗಿಯಾಗಿ ಹೊಡೆದು ಕೂರಿಸುವ ಹೊರಗಿನ ಉಂಗುರ ಕಪ್. ರೋಲರ್ ಸಮೇತ ಸ್ಟಬ್ ಆಕ್ಸಲ್ ಮೇಲೆ ಜಾರಿ ಕೂರುವ ಒಳಗಿನ ಭಾಗ ಕೋನ್. ನಟ್ ಬಿಗಿ ಮಾಡಿದಷ್ಟೂ ಹೊರಗಿನ ಕೋನ್ ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಎರಡು ಓರೆ ಮೇಲ್ಮೈಗಳ ನಡುವೆ ರೋಲರುಗಳು ಅದುಮಿಕೊಳ್ಳುತ್ತವೆ. ಅಂದರೆ ಈ ಬೇರಿಂಗಿನಲ್ಲಿ ಎಷ್ಟು ಜಾಗ ಇರಬೇಕು ಅನ್ನುವುದನ್ನು ಫ್ಯಾಕ್ಟರಿ ತೀರ್ಮಾನಿಸಿ ಕಳಿಸಿಲ್ಲ. ತೀರ್ಮಾನ ಸ್ಪ್ಯಾನರ್ ಹಿಡಿದವರ ಕೈಯಲ್ಲಿದೆ.

ಪೂರ್ತಿ ಬಿಗಿ ಮಾಡಿದರೆ ಏನಾಗುತ್ತದೆ? ಕಾರಿನ ಭಾರದ ಜೊತೆ ನಟ್ಟಿನ ಒತ್ತಡವೂ ರೋಲರುಗಳ ಮೇಲೆ ಬೀಳುತ್ತದೆ. ಹ್ಯಾಂಡ್‌ಬುಕ್ಕಿನ ಸೂತ್ರ ನೆನಪಿಸಿಕೊಳ್ಳಿ. ರೋಲರ್ ಬೇರಿಂಗಿನ ಆಯಸ್ಸು ಸಿ ಭಾಗಿಸು ಪಿ, ಅದರ ಘಾತ 10/3. ಪಿ ಎರಡು ಪಟ್ಟಾದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅಂತ ಮನಸ್ಸು ಹೇಳುತ್ತದೆ. ಲೆಕ್ಕ ಹಾಗೆ ಹೇಳಲ್ಲ. 2ರ ಘಾತ 10/3 ಅಂದರೆ ಸುಮಾರು 10. ಭಾರ ಎರಡು ಪಟ್ಟು, ಆಯಸ್ಸು ಹತ್ತನೇ ಒಂದು! ಇದರ ಮೇಲೆ ಬಿಸಿಯ ಕಾಟ. ಘರ್ಷಣೆಯಿಂದ ರೋಲರ್ ಮತ್ತು ಕೋನ್ ಕಾದು ಹಿಗ್ಗುತ್ತವೆ. ಮೊದಲೇ ಜಾಗ ಇಲ್ಲದ ಕಡೆ ಹಿಗ್ಗಿದರೆ ಒತ್ತಡ ಇನ್ನೂ ಏರುತ್ತದೆ, ಅದರಿಂದ ಬಿಸಿ ಇನ್ನೂ ಏರುತ್ತದೆ. ಗ್ರೀಸ್ ತೆಳ್ಳಗಾಗಿ ಹರಿದು ಹೋಗುತ್ತದೆ. ಕೊನೆಗೆ ಬೇರಿಂಗ್ ಕಚ್ಚಿಕೊಂಡು ನಿಲ್ಲುತ್ತದೆ.

ತೀರಾ ಸಡಿಲ ಬಿಟ್ಟರೂ ಕಷ್ಟವೇ. ಆಗ ಭಾರ ಎಲ್ಲ ರೋಲರುಗಳಿಗೆ ಹಂಚಿಕೆಯಾಗದೆ ಕೆಳಗಿನ ಒಂದೆರಡು ರೋಲರುಗಳ ತಲೆಗೇ ಬೀಳುತ್ತದೆ. ಪ್ರತಿ ಗುಂಡಿಗೂ ಹಬ್ ಒಮ್ಮೆ ಗುದ್ದಿ ಬರುತ್ತದೆ. ಸುಮಾರು 290 ಮಿ.ಮೀ. ತ್ರಿಜ್ಯದ ಚಕ್ರ ಒಂದು ಕಿಲೋಮೀಟರಿಗೆ 550 ಸುತ್ತು ಸುತ್ತುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟರಲ್ಲಿ 80 ಸಾವಿರ ಸುತ್ತು ಹತ್ತಿರ ಹತ್ತಿರ. ಅಷ್ಟೂ ಸುತ್ತು ತಪ್ಪು ಜಾಗದಲ್ಲಿ ಭಾರ ಹೊತ್ತರೆ ಉಕ್ಕು ಚಕ್ಕೆ ಏಳದೆ ಇರುತ್ತದಾ?

ತಿರುವಿನಲ್ಲಿ ಇನ್ನೊಂದು ತಮಾಷೆ ಇದೆ. ಟೈರು ರಸ್ತೆಗೆ ತಾಗುವ ಜಾಗದಲ್ಲಿ 1000 ನ್ಯೂಟನ್ ಅಡ್ಡ ಬಲ ಬಿತ್ತು ಅಂತಿಟ್ಟುಕೊಳ್ಳಿ. ಅದರ ಮೊಮೆಂಟ್ ತೋಳು 290 ಮಿ.ಮೀ. ಅದನ್ನು ತಡೆಯಬೇಕಾದ ಎರಡು ಬೇರಿಂಗುಗಳ ನಡುವಿನ ಅಂತರ 50 ಮಿ.ಮೀ. ಅಂತಿಟ್ಟುಕೊಂಡರೆ, ಆ ಮೊಮೆಂಟಿನಿಂದ ಪ್ರತಿ ಬೇರಿಂಗಿನ ಮೇಲೆ ಬೀಳುವ ಬಲ 5800 ನ್ಯೂಟನ್. ಉದ್ದ ಸನಿಕೆಯ ಚಿಕ್ಕ ತುದಿಯಲ್ಲಿ ಬೇರಿಂಗ್ ಸಿಕ್ಕಿಹಾಕಿಕೊಂಡ ಹಾಗೆ. ಹಾಗಾಗಿಯೇ ಹೆಬ್ಬೆರಳಿನಷ್ಟು ದಪ್ಪದ ಭಾಗದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು.

ಪ್ಲೇ ಎಲ್ಲಿದೆ ಅಂತ ಹಿಡಿಯುವುದು

ಚಕ್ರ ಅಲ್ಲಾಡಿತು ಅಂದ ತಕ್ಷಣ ಬೇರಿಂಗ್ ಹೋಗಿದೆ ಅಂತ ಹೇಳುವ ಹಾಗಿಲ್ಲ. ಹೆರಾಲ್ಡಿನಲ್ಲಿ ಚಕ್ರ ಹಿಡಿದುಕೊಂಡಿರುವ ವರ್ಟಿಕಲ್ ಲಿಂಕಿಗೆ ಮೇಲೆ ಬಾಲ್ ಜಾಯಿಂಟ್, ಕೆಳಗೆ ಥ್ರೆಡ್ ಇರುವ ಟ್ರನಿಯನ್, ಪಕ್ಕದಲ್ಲಿ ಸ್ಟೀರಿಂಗಿನ ಟೈ ರಾಡ್ ಎಂಡ್ ಇವೆ. ಇವುಗಳಲ್ಲಿ ಯಾವುದು ಸವೆದರೂ ಕೈಗೆ ಸಿಗುವುದು ಅದೇ 'ಟಕ್'.

ಮೊದಲು ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ. ಹೊತ್ತು ನಿಲ್ಲುವುದಕ್ಕೆ ಆಕ್ಸಲ್ ಸ್ಟ್ಯಾಂಡ್. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕುವವರನ್ನು ನಮ್ಮ ಶೆಡ್ಡಿನಿಂದ ಹೊರಗೆ ಕಳಿಸುತ್ತೇವೆ, ಫೈನಲ್ ಇಯರ್ ಆದರೂ ಸರಿ.

ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ತಳ್ಳಿ ಎಳೆಯಿರಿ. ಆಮೇಲೆ 9 ಮತ್ತು 3ರ ಜಾಗದಲ್ಲಿ. ಎರಡೂ ಕಡೆ ಒಂದೇ ಥರ ಅಲುಗಿದರೆ ಬೇರಿಂಗ್ ಮೇಲೆ ಅನುಮಾನ. ಬರೀ 9–3ರಲ್ಲಿ ಅಲುಗಿದರೆ ಸ್ಟೀರಿಂಗ್ ಜಾಯಿಂಟುಗಳನ್ನು ನೋಡಿ. ಬರೀ 12–6ರಲ್ಲಿ ಅಂದರೆ ಬಾಲ್ ಜಾಯಿಂಟ್, ಟ್ರನಿಯನ್ ಕಡೆ ಕಣ್ಣು ಹಾಯಿಸಿ.

ಅನುಮಾನ ಪೂರ್ತಿ ಬಗೆಹರಿಸಲು ಹಳೇ ಮೆಕ್ಯಾನಿಕ್ಕುಗಳ ಒಂದು ಉಪಾಯ ಇದೆ. ಒಬ್ಬರು ಕಾರಿನೊಳಗೆ ಕೂತು ಬ್ರೇಕ್ ಗಟ್ಟಿಯಾಗಿ ತುಳಿಯಲಿ. ಇನ್ನೊಬ್ಬರು ಮತ್ತೆ ಚಕ್ರ ಅಲ್ಲಾಡಿಸಲಿ. ಬ್ರೇಕ್ ಹಿಡಿದಾಗ ಡ್ರಮ್ಮು, ಹಬ್ಬು, ಬ್ಯಾಕ್ ಪ್ಲೇಟು ಎಲ್ಲ ಒಂದಾಗಿ ಬಿಡುತ್ತವೆ. ಬೇರಿಂಗಿನ ಜಾಗ ಆಟದಿಂದ ಹೊರಗುಳಿಯುತ್ತದೆ. ಆಗ ಪ್ಲೇ ಮಾಯವಾದರೆ ತಪ್ಪಿತಸ್ಥ ಬೇರಿಂಗ್. ಹಾಗೇ ಉಳಿದರೆ ಸಸ್ಪೆನ್ಷನ್ ಅಥವಾ ಸ್ಟೀರಿಂಗ್. ಒಂದು ಪೈಸೆ ಖರ್ಚಿಲ್ಲದ ಐಸೊಲೇಷನ್ ಟೆಸ್ಟ್ ಇದು. ಸರ್ಕ್ಯೂಟ್ ಲ್ಯಾಬಿನಲ್ಲಿ ನಾವು ಮಾಡುವುದೂ ಇದನ್ನೇ ಅಲ್ವಾ?

ಎಷ್ಟು ಅಲುಗಿದರೆ ಜಾಸ್ತಿ? ಇದಕ್ಕೂ ಲೆಕ್ಕ ಇದೆ. ಹಬ್ ಅಚ್ಚಿನ ಉದ್ದಕ್ಕೆ ಆಚೀಚೆ ಆಡುವ ಒಟ್ಟು ದೂರಕ್ಕೆ ಎಂಡ್ ಫ್ಲೋಟ್ ಅಂತ ಹೆಸರು. ಅದು 0.1 ಮಿ.ಮೀ. ಇರಲಿ. ಕಪ್ಪಿನ ಓರೆ ಸುಮಾರು 14 ಡಿಗ್ರಿ ಅಂದುಕೊಂಡರೆ ಅದರ ಟ್ಯಾನ್ ಬೆಲೆ 0.25. ಹಬ್ ನಡುವಲ್ಲಿ ಇದ್ದಾಗ ಪ್ರತಿ ಬೇರಿಂಗಿನಲ್ಲಿ ಉಳಿಯುವ ಜಾಗ 0.05 × 0.25. ಇದರಿಂದ ಹಬ್ ಓಲಾಡುವ ಕೋನ ತೆಗೆದು 290 ಮಿ.ಮೀ. ದೂರದ ಟೈರಿನ ಅಂಚಿಗೆ ಲೆಕ್ಕ ಹಾಕಿದರೆ ಸುಮಾರು 0.3 ಮಿ.ಮೀ. ಬರುತ್ತದೆ. ಕೈಗೆ ಗೊತ್ತಾಗಿಯೂ ಗೊತ್ತಾಗದ ಹಾಗೆ. ಎಂಡ್ ಫ್ಲೋಟ್ 1 ಮಿ.ಮೀ. ಆಗಿದ್ದರೆ ಟೈರಿನ ಅಂಚು 3 ಮಿ.ಮೀ. ಅಲುಗುತ್ತದೆ. ಅದು ಕಣ್ಣಿಗೇ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಆರೋಗ್ಯವಾಗಿರುವ ಬೇರಿಂಗಿನಲ್ಲೂ ಸ್ವಲ್ಪ ಅಲುಗಾಟ ಇರುತ್ತದೆ, ಗಾಬರಿ ಬೇಡ ಅಂತ ಈ ಲೆಕ್ಕ ಹೇಳುತ್ತದೆ.

ಕೊನೆಗೆ ಚಕ್ರವನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲೆ ಇಡಿ. ಬೇರಿಂಗಿನಲ್ಲಿ ಗುಳಿ ಬಿದ್ದಿದ್ದರೆ ಬೆರಳಿಗೆ ಗರಗರ ಅಂತ ಗೊತ್ತಾಗುತ್ತದೆ. ಓಡಿಸುವಾಗ ಗುಂಯ್‌ಗುಡುವ ಸದ್ದು ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಎಡ ಚಕ್ರದ ಮೇಲೆ ಅನುಮಾನ ಪಡಬೇಕು, ಯಾಕೆಂದರೆ ಬಲ ತಿರುವಿನಲ್ಲಿ ಭಾರ ಎಡಕ್ಕೆ ವಾಲುತ್ತದೆ.

ಬಿಚ್ಚುವಾಗ

ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಎತ್ತಿ. ಚಕ್ರ ತೆಗೆದು, ಬ್ರೇಕ್ ಅಡ್ಜಸ್ಟರ್ ಸಡಿಲ ಮಾಡಿ ಡ್ರಮ್ ಕಳಚಿ. ಇಲ್ಲಿ ಏರ್ ಹೋಸ್ ಹಿಡಿದು ಧೂಳು ಊದಬೇಡಿ. ಹಳೇ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಹಬ್ಬಿನ ತುದಿಯ ಗ್ರೀಸ್ ಕ್ಯಾಪ್ ತೆಗೆದರೆ ಗೋಪುರದ ಹಾಗೆ ಕಚ್ಚು ಇರುವ ಕ್ಯಾಸಲ್ ನಟ್, ಅದಕ್ಕೆ ಅಡ್ಡಲಾಗಿ ಸ್ಪ್ಲಿಟ್ ಪಿನ್ ಕಾಣುತ್ತದೆ. ಪಿನ್ ಕಿತ್ತು ಬಿಸಾಡಿ. ಅದನ್ನು ಮತ್ತೆ ಬಳಸುವ ಹಾಗಿಲ್ಲ, ಒಮ್ಮೆ ಬಗ್ಗಿಸಿ ನೆಟ್ಟಗೆ ಮಾಡಿದ ತಂತಿ ಎಲ್ಲಿ ತುಂಡಾಗುತ್ತದೆ ಅಂತ ಮೆಟೀರಿಯಲ್ ಸೈನ್ಸ್ ಓದಿದವರಿಗೆ ಹೇಳಬೇಕಿಲ್ಲ. ನಟ್ಟಿನ ಹಿಂದೆ ಒಂದು ಕಡೆ ಚಪ್ಪಟೆ ಇರುವ ವಾಷರ್ ಸಿಗುತ್ತದೆ. ಅಚ್ಚಿನ ಮೇಲೂ ಅದಕ್ಕೆ ತಕ್ಕ ಚಪ್ಪಟೆ ಇದೆ. ಕೋನ್ ಏನಾದರೂ ಅಚ್ಚಿನ ಮೇಲೆ ಸ್ವಲ್ಪ ತಿರುಗಿದರೂ ಆ ತಿರುಗಾಟ ನಟ್ಟಿಗೆ ತಾಗದಂತೆ ತಡೆಯುವುದು ಈ ವಾಷರಿನ ಕೆಲಸ. ಬೇರೆ ಯಾವುದೋ ಗುಂಡು ವಾಷರ್ ಹಾಕಿ ನಡೆಸೋಣ ಅನ್ನುವವರು ಇದನ್ನು ನೆನಪಿಡಬೇಕು.

ಹಬ್ ಹೊರಗೆಳೆಯುವಾಗ ಹೊರಗಿನ ಕೋನ್ ದೊಪ್ಪಂತ ನೆಲಕ್ಕೆ ಬೀಳುತ್ತದೆ, ಅಂಗೈ ಅಡ್ಡ ಇಡಿ. ಎಡದ ಸಾಮಾನು ಎಡದ ಡಬ್ಬಿಗೆ, ಬಲದ್ದು ಬಲದ ಡಬ್ಬಿಗೆ. ಒಟ್ಟಿಗೆ ಸವೆದ ಕಪ್ ಕೋನ್‌ಗಳು ಗಂಡ ಹೆಂಡತಿ ಇದ್ದ ಹಾಗೆ, ಜೋಡಿ ಬದಲಾಯಿಸಬಾರದು.

ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಕಂಪ್ರೆಸರ್ ಗಾಳಿ ಹಿಡಿದು ಕೋನನ್ನು 'ಝುಂಯ್' ಅಂತ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಗ್ರೀಸಿಲ್ಲದೆ ಅಷ್ಟು ವೇಗದಲ್ಲಿ ತಿರುಗಿದರೆ ಮೇಲ್ಮೈ ಗೀರುಬೀಳುತ್ತದೆ. ಕೇಜ್ ಕಿತ್ತುಕೊಂಡು ರೋಲರ್ ಮುಖಕ್ಕೆ ಹಾರಿದರೆ ಕಣ್ಣೇ ಹೋಗಬಹುದು.

ಓದುವುದು ಕಲಿತರೆ ಬೇರಿಂಗೇ ಕಥೆ ಹೇಳುತ್ತದೆ

ತೊಳೆದ ಬೇರಿಂಗನ್ನು ಬೆಳಕಿಗೆ ಹಿಡಿದು ನೋಡಿ. ಬೂದು ಬಣ್ಣದ ನಯವಾದ ಪಟ್ಟಿ ಇದ್ದರೆ ಅದು ಮಾಮೂಲಿ ಸವೆತ, ಚಿಂತೆಯಿಲ್ಲ. ಒಣ ಹುಲ್ಲಿನ ಅಥವಾ ನೀಲಿ ಬಣ್ಣ ತಿರುಗಿದ್ದರೆ ಅದು ಸುಟ್ಟ ಗುರುತು. ಒಂದೋ ಗ್ರೀಸ್ ಇರಲಿಲ್ಲ, ಇಲ್ಲವೇ ನಟ್ ವಿಪರೀತ ಬಿಗಿ ಇತ್ತು. ಉಕ್ಕಿನ ಚಕ್ಕೆ ಎದ್ದು ಗುಂಡಿ ಬಿದ್ದಿದ್ದರೆ ಅದು ಫಟೀಗ್. ಕೋನ್ ಒಳಮೈ ಹೊಳೆಯುತ್ತಾ ಗೀರುಬಿದ್ದಿದ್ದರೆ ಕೋನ್ ಅಚ್ಚಿನ ಮೇಲೆ ತಿರುಗಿದೆ ಅಂತ ಅರ್ಥ.

ಹಳೇ ಕಾರುಗಳಿಗೆ ಮಾತ್ರ ಬರುವ ಒಂದು ವಿಶೇಷ ಕಾಯಿಲೆ ಇದೆ. ಅದು ಓಡಿ ಬಂದದ್ದಲ್ಲ, ನಿಂತು ಬಂದದ್ದು. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಗ್ರೀಸ್ ಗಟ್ಟಿಯಾಗಿ ಪಕ್ಕಕ್ಕೆ ಸರಿದಿರುತ್ತದೆ. ಮಳೆಗಾಲದ ತೇವ ಒಳಗೆ ಸೇರುತ್ತದೆ. ರೋಲರ್ ಕಪ್ಪಿಗೆ ತಾಗಿ ನಿಂತ ಗೆರೆಯಲ್ಲೇ ತುಕ್ಕು ಹಿಡಿಯುತ್ತದೆ. ತೊಳೆದು ನೋಡಿದರೆ ಕಪ್ಪಿನ ಕೆಳಭಾಗದಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಸಮ ಅಂತರದಲ್ಲಿ ಕಪ್ಪು ಗೆರೆಗಳು. ಉಗುರು ಎಳೆದರೆ ತಡೆಯುತ್ತದೆ. ನಮ್ಮ ಹೆರಾಲ್ಡಿನ ಎಡ ಚಕ್ರದ ಹೊರಗಿನ ಕಪ್ ಹೇಳಿದ್ದು ಇದೇ ಕಥೆ. ಇಂಥ ಬೇರಿಂಗನ್ನು ನಟ್ ಬಿಗಿ ಮಾಡಿ ಸರಿಪಡಿಸಲು ಆಗಲ್ಲ. ಸದ್ದು ನಾಲ್ಕು ದಿನ ಅಡಗುತ್ತದೆ, ಗುಳಿ ಹಾಗೇ ಇರುತ್ತದೆ.

ಬಲ ಚಕ್ರದ ಬೇರಿಂಗುಗಳಲ್ಲಿ ಲೆನ್ಸ್ ಹಿಡಿದು ನೋಡಿದರೂ ಕಲೆ ಇರಲಿಲ್ಲ. ಅದನ್ನೂ ಬದಲಾಯಿಸಬೇಕಾ ಬೇಡವಾ ಅಂತ ನಮ್ಮಲ್ಲಿ ಎರಡು ಗುಂಪಾಯಿತು. 'ಜನ ಕೂರುವ ಕಾರು, ನಾಲ್ಕೂ ಹೊಸದು ಹಾಕೋಣ' ಅಂತ ಒಂದು ಗುಂಪು. 'ಒಳ್ಳೆ ಉಕ್ಕನ್ನು ಬಿಸಾಡಿ ಊರು ಹೆಸರು ಗೊತ್ತಿಲ್ಲದ್ದನ್ನು ಹಾಕಿದರೆ ಸುರಕ್ಷತೆ ಹೆಚ್ಚುತ್ತದಾ?' ಅಂತ ಇನ್ನೊಂದು. ಎರಡರಲ್ಲೂ ನ್ಯಾಯ ಇತ್ತು. ಬೇರಿಂಗ್ ವಯಸ್ಸಿನ ಕಾರಣಕ್ಕೆ ಸಾಯಲ್ಲ, ಗಾಯದ ಕಾರಣಕ್ಕೆ ಸಾಯುತ್ತದೆ. ಗಾಯ ಇಲ್ಲದ್ದನ್ನು ಉಳಿಸಿಕೊಂಡೆವು, ಗಾಯವಾದ ಬದಿಯ ಎರಡು ಸೆಟ್ಟನ್ನೂ ಬದಲಾಯಿಸಿದೆವು, ಸೀಲುಗಳನ್ನು ಎರಡೂ ಕಡೆ ಹೊಸದು ಹಾಕಿದೆವು. ಕಾರಣ ಏನು ಅಂತ ಲಾಗ್ ಬುಕ್ಕಿನಲ್ಲಿ ಬರೆದಿಟ್ಟೆವು.

ಹೊಸದು ತರುವಾಗ

ಅಂಗಡಿಗೆ ಹೋಗಿ 'ಹೆರಾಲ್ಡ್ ಬೇರಿಂಗ್ ಕೊಡಿ' ಅಂದರೆ ನಕ್ಕು ಕಳಿಸುತ್ತಾರೆ. ಕಾರಿನ ಹೆಸರು ಬೇಡ, ನಂಬರ್ ಬೇಕು. ಕಪ್ಪಿನ ಮತ್ತು ಕೋನಿನ ಮುಖದ ಮೇಲೆ ಬೇರೆ ಬೇರೆ ನಂಬರ್ ಕೊರೆದಿರುತ್ತದೆ. ಉದಾಹರಣೆಗೆ ಎಲ್‌ಎಂ 11949 ಅನ್ನುವುದು ಒಂದು ಕೋನ್, ಎಲ್‌ಎಂ 11910 ಅದರ ಜೋಡಿ ಕಪ್. ಆ ಕೋನಿನ ಒಳವ್ಯಾಸ 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚು. ಈ ಇಂಚಿನ ಅಳತೆಯ ಬೇರಿಂಗುಗಳು ಇವತ್ತಿಗೂ ತಯಾರಾಗುತ್ತವೆ, ಯಾಕೆಂದರೆ ಎಷ್ಟೋ ಯಂತ್ರಗಳು, ಟ್ರೇಲರುಗಳು ಇವನ್ನೇ ಬಳಸುತ್ತವೆ. ಬೆಂಗಳೂರಿನ ಜೆ.ಸಿ. ರೋಡು, ಎಸ್.ಪಿ. ರೋಡು ಸುತ್ತಿದರೆ ಕಾರಿನ ವ್ಯಾಪಾರಿಗಿಂತ ಬೇರಿಂಗ್ ವ್ಯಾಪಾರಿಯ ಹತ್ತಿರ ಸಿಗುವ ಸಾಧ್ಯತೆಯೇ ಹೆಚ್ಚು. ಹಳೇದನ್ನು ತೊಳೆದು ಜೇಬಿನಲ್ಲಿಟ್ಟುಕೊಂಡು ಹೋಗಿ, ವರ್ನಿಯರ್ ಜೊತೆಗಿರಲಿ. ಕೊರೆದ ಅಕ್ಷರ ಮಸುಕಾಗಿದ್ದರೆ, ಪ್ಯಾಕಿಂಗ್ ಸೀಲ್ ಒಡೆದಿದ್ದರೆ, ಬೆಲೆ ನಂಬಲಾರದಷ್ಟು ಕಮ್ಮಿ ಇದ್ದರೆ ಬೇಡ ಅಂತ ವಾಪಸ್ ಬನ್ನಿ. ಬಿಲ್ ಕೊಡುವ ಅಧಿಕೃತ ಡೀಲರ್ ಹತ್ತಿರ ಕೊಳ್ಳಿ. ಕೋನ್ ಮಾತ್ರ ಹೊಸದು, ಕಪ್ ಹಳೇದು ಅನ್ನುವ ಉಳಿತಾಯ ಮಾಡಬೇಡಿ.

ಹಳೇ ಕಪ್ ಹೊರಗೆ ಹೊಡೆಯಲು ಹಿತ್ತಾಳೆಯ ಡ್ರಿಫ್ಟ್ ಬಳಸಿ. ಒಂದು ಏಟು ಈ ಕಡೆ, ಒಂದು ಏಟು ಎದುರು ಕಡೆ. ಒಂದೇ ಕಡೆ ಬಡಿದರೆ ಕಪ್ ವಾಲಿಕೊಂಡು ಹಬ್ಬಿನ ಗೋಡೆ ಕೆರೆಯುತ್ತದೆ. ಹೊಸ ಕಪ್ಪನ್ನು ಹಿಂದಿನ ರಾತ್ರಿ ಹಾಸ್ಟೆಲಿನ ಫ್ರೀಜರಿನಲ್ಲಿಟ್ಟು, ಹಬ್ಬನ್ನು ಬಿಸಿನೀರಿನಲ್ಲಿ ಕಾಯಿಸಿ ಚೆನ್ನಾಗಿ ಒರೆಸಿಕೊಂಡರೆ ಅರ್ಧ ಕೆಲಸ ಥರ್ಮಲ್ ಎಕ್ಸ್‌ಪಾನ್ಷನ್ನೇ ಮಾಡಿಕೊಡುತ್ತದೆ. ಕಪ್ ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಕಿವಿಗೊಡಿ.

ಕಪ್ ಹಬ್ಬಿನಲ್ಲಿ ಕೈಯಿಂದಲೇ ತಿರುಗುವಷ್ಟು ಸಡಿಲ ಇದ್ದರೆ ಹಬ್ಬೇ ಸವೆದಿದೆ. ಇದಕ್ಕೆ ಸೆಂಟರ್ ಪಂಚಿನಿಂದ ಒಳಗೋಡೆಗೆ ಚುಕ್ಕೆ ಚುಕ್ಕೆ ಹೊಡೆದು ಕಪ್ ಕೂರಿಸುವ ರೂಢಿ ಗ್ಯಾರೇಜುಗಳಲ್ಲಿದೆ. ಸುತ್ತ ಮೇಲ್ಮೈ ಹೊರಬೇಕಾದ ಭಾರವನ್ನು ಆಗ ಹತ್ತಿಪ್ಪತ್ತು ಚುಕ್ಕೆಗಳು ಹೊರುತ್ತವೆ. ಅವು ಬೇಗ ಚಪ್ಪಟೆಯಾಗಿ ಪ್ಲೇ ವಾಪಸ್ ಬರುತ್ತದೆ, ಅದೂ ನಂಬಿಕೆ ಹುಟ್ಟಿದ ಮೇಲೆ. ಹಬ್ ಬದಲಾಯಿಸುವುದೇ ಸರಿ.

ಗ್ರೀಸು

ಎನ್‌ಎಲ್‌ಜಿಐ 2 ದರ್ಜೆಯ, ಚಕ್ರದ ಬೇರಿಂಗಿಗೆ ಅಂತ ಬರೆದಿರುವ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಸಾಕು. ಹಳೇ ಗ್ರೀಸ್ ಮೇಲೆ ಹೊಸದು ಬಳಿಯಬೇಡಿ, ಬೇರೆ ಬೇರೆ ಸೋಪಿನ ಗ್ರೀಸು ಬೆರೆತರೆ ನೀರಾಗಬಹುದು. ಅಂಗೈಯಲ್ಲಿ ಒಂದು ನಿಂಬೆಗಾತ್ರದ ಉಂಡೆ ಇಟ್ಟುಕೊಂಡು, ಕೋನಿನ ದಪ್ಪ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ರೋಲರುಗಳ ಸಂದಿಯಿಂದ ಇನ್ನೊಂದು ಕಡೆ ಗ್ರೀಸ್ ಇಣುಕುವ ತನಕ ಬಿಡಬೇಡಿ. ಹಾಗಂತ ಹಬ್ಬಿನ ಹೊಟ್ಟೆ ತುಂಬ ತುರುಕಬೇಡಿ. ಬಿಸಿಯಾದಾಗ ಹಿಗ್ಗಲು ಜಾಗ ಇಲ್ಲದಿದ್ದರೆ ಗ್ರೀಸ್ ಸೀಲ್ ದಾಟಿ ಬ್ರೇಕ್ ಲೈನಿಂಗಿಗೆ ಹೋಗುತ್ತದೆ. ಹೆರಾಲ್ಡಿನ ಒಳಬದಿಯ ಸೀಲು ಉಣ್ಣೆಯ ಫೆಲ್ಟ್. ಅದನ್ನು ಎಂಜಿನ್ ಆಯಿಲ್‌ನಲ್ಲಿ ನೆನೆಸಿ ಹಿಂಡಿ ಕೂರಿಸಬೇಕು, ಒಣಗಿದ್ದು ಹಾಕಿದರೆ ಸುಟ್ಟುಹೋಗುತ್ತದೆ.

ಈಗ ನಟ್ಟು

ಇಲ್ಲಿ ಸರ್ ಪಕ್ಕಕ್ಕೆ ಬಂದು ನಿಂತು ಹೇಳಿದ ಮಾತು ನಮ್ಮ ಶೆಡ್ಡಿನ ಗೋಡೆ ಮೇಲೆ ಈಗ ಬರೆದಿದೆ: "ಟೈಟ್ ಮಾಡೋದು ಎಲ್ರಿಗೂ ಬರುತ್ತೆ ಕಣ್ರೋ. ಎಷ್ಟು ಬಿಡಬೇಕು ಅನ್ನೋದು ಗೊತ್ತಾದ್ರೆ ಅದು ಕೆಲಸ."

ಹಬ್ಬನ್ನು ಒಂದು ಕೈಯಲ್ಲಿ ತಿರುಗಿಸುತ್ತಲೇ ನಟ್ಟನ್ನು ಮೆಲ್ಲಗೆ ಬಿಗಿ ಮಾಡಿ. ತಿರುಗಿಸದೆ ಬಿಗಿ ಮಾಡಿದರೆ ರೋಲರುಗಳು ಓರೆಯಾಗಿಯೇ ಸಿಕ್ಕಿಕೊಳ್ಳುತ್ತವೆ. ಹಬ್ ಸ್ವಲ್ಪ ಭಾರ ಅನ್ನಿಸಿದಾಗ ನಿಲ್ಲಿಸಿ. ಆಮೇಲೆ ನಟ್ ಸಡಿಲಿಸಿ, ಬೆರಳಿನಿಂದಷ್ಟೇ ಮುಟ್ಟುವವರೆಗೆ ತನ್ನಿ. ಇದು ಸೊನ್ನೆ. ಇಲ್ಲಿಂದ ಸ್ವಲ್ಪ ಹಿಂದಕ್ಕೆ ಬಿಡಬೇಕು. ಈ ಥರದ ಟ್ರಯಂಫ್ ಹಬ್ಬಿಗೆ 0.05ರಿಂದ 0.20 ಮಿ.ಮೀ. ಎಂಡ್ ಫ್ಲೋಟ್ ಇರಬೇಕು. ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುವಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಅರ್ಧ ಇಂಚಿನ ಯು.ಎನ್.ಎಫ್. ಥ್ರೆಡ್ ಅಂತಿಟ್ಟುಕೊಂಡು ಲೆಕ್ಕ ಹಾಕೋಣ. ಇಂಚಿಗೆ 20 ಥ್ರೆಡ್, ಅಂದರೆ ಒಂದು ಸುತ್ತಿಗೆ 1.27 ಮಿ.ಮೀ. ನಟ್ಟಿಗೆ ಆರು ಮುಖ. ಒಂದು ಮುಖ ಹಿಂದಕ್ಕೆ ಬಿಟ್ಟರೆ 0.21 ಮಿ.ಮೀ. ನೋಡಿ, ಒಂದೇ ಮುಖಕ್ಕೆ ಮಿತಿಯ ಅಂಚಿಗೆ ಬಂದುಬಿಟ್ಟೆವು! ಎರಡು ಮುಖ ಬಿಟ್ಟರೆ ಮಿತಿ ದಾಟಿ ದುಪ್ಪಟ್ಟು. ಪಿನ್ ತೂತಿಗೆ ಕಚ್ಚು ಸರಿಯಾಗಿ ಕೂರದಿದ್ದಾಗ 'ಇನ್ನೊಂಚೂರು ಬಿಗಿ ಮಾಡಿ ಕೂರಿಸೋಣ' ಅನ್ನುವುದು ಎಷ್ಟು ದೊಡ್ಡ ಬದಲಾವಣೆ ಅಂತ ಈಗ ಗೊತ್ತಾಗುತ್ತದೆ.

ಹಾಗಾದರೆ ಕಚ್ಚು ಕೂರದಿದ್ದರೆ ಏನು ಮಾಡೋದು? ಸಡಿಲದ ಕಡೆ ತಿರುಗಿಸಿ, ಅಳೆಯಿರಿ. ಮಿತಿಯೊಳಗಿದ್ದರೆ ಸರಿ. ಮಿತಿ ದಾಟಿದರೆ ವಾಷರನ್ನು ಗಾಜಿನ ಮೇಲಿಟ್ಟ ಎಮರಿ ಹಾಳೆಯಲ್ಲಿ ಸಮವಾಗಿ ಉಜ್ಜಿ. 0.1 ಮಿ.ಮೀ. ತೆಳ್ಳಗಾದರೆ ನಟ್ ಸುಮಾರು 28 ಡಿಗ್ರಿ ಮುಂದೆ ಹೋಗಿ ನಿಲ್ಲುತ್ತದೆ, ಕಚ್ಚು ಅಷ್ಟರ ಮಟ್ಟಿಗೆ ಸರಿಯುತ್ತದೆ. ಹತ್ತು ನಿಮಿಷದ ಕೆಲಸ.

ಅಳೆಯಲು ಡಯಲ್ ಗೇಜನ್ನು ಮ್ಯಾಗ್ನೆಟಿಕ್ ಬೇಸ್ ಮೇಲೆ ಕೂರಿಸಿ, ಮುಳ್ಳನ್ನು ಅಚ್ಚಿನ ತುದಿಗೆ ತಾಗಿಸಿ, ಹಬ್ಬನ್ನು ನೇರ ಒಳಗೆ ಹೊರಗೆ ಎಳೆಯಿರಿ. ಓಲಾಡಿಸಬೇಡಿ. ಮೆಟ್ರಾಲಜಿ ಲ್ಯಾಬಿನಲ್ಲಿ ಗೇಜ್ ಇದೆ, ರಿಜಿಸ್ಟರಿನಲ್ಲಿ ಸೈನ್ ಮಾಡಿ ತನ್ನಿ. ಗೇಜ್ ಇಲ್ಲದ ಕಡೆ ಹಳಬರ ಪರೀಕ್ಷೆ ಇದೆ. ನಟ್ಟಿನ ಹಿಂದಿನ ವಾಷರನ್ನು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಳ್ಳಿದರೆ ಅದು ಪಕ್ಕಕ್ಕೆ ಸರಿಯಬೇಕು. ಮೀಟಿ ಏಳಿಸಬೇಕಾದರೆ ಬಿಗಿ ಜಾಸ್ತಿ.

ಒಂದು ಎಚ್ಚರಿಕೆ. ಈ ವಿಧಾನ ಎಲ್ಲ ಹಳೇ ಕಾರಿಗೂ ಹೊಂದಲ್ಲ. ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಎರಡು ಬೇರಿಂಗಿನ ನಡುವೆ ಸ್ಪೇಸರ್ ಮತ್ತು ಶಿಮ್ ಇವೆ. ಅಲ್ಲಿ ಎಂಡ್ ಫ್ಲೋಟನ್ನು ಶಿಮ್ ಹಾಕಿ ತೀರ್ಮಾನಿಸುತ್ತಾರೆ, ನಟ್ಟನ್ನು ಟಾರ್ಕ್ ಕೊಟ್ಟು ಪೂರ್ತಿ ಬಿಗಿ ಮಾಡುತ್ತಾರೆ. ಈಗಿನ ಕಾರುಗಳ ಸೀಲ್ ಆದ ಹಬ್ಬಿಗೂ ಪೂರ್ತಿ ಟಾರ್ಕೇ ಬೇಕು. ಅದನ್ನು ಸಡಿಲ ಬಿಟ್ಟರೆ ಅಪಾಯ. ನಿಮ್ಮ ಮುಂದಿರುವುದು ಯಾವ ಜಾತಿಯ ಹಬ್ಬು ಅಂತ ಮೊದಲು ತಿಳಿದುಕೊಳ್ಳಿ. ಹೆರಾಲ್ಡಿನ ಹಿಂದಿನ ಹಬ್ಬಂತೂ ಬೇರೆಯೇ ಕಥೆ. ಅದು ಟೇಪರ್ ಅಚ್ಚಿನ ಮೇಲೆ ಕೀ ಹಾಕಿ ಬಿಗಿದದ್ದು. ದೊಡ್ಡ ಪುಲ್ಲರ್ ಇಲ್ಲದೆ ಬರಲ್ಲ, ಬಂದಾಗ ಬಂದೂಕಿನ ಹಾಗೆ 'ಢಂ' ಅಂತ ಬರುತ್ತದೆ. ಅನುಭವಿಗಳಿಲ್ಲದೆ ಕೈ ಹಾಕಬೇಡಿ. ಮುಂದಿನ ಟ್ರನಿಯನ್ನಿಗೆ ಗ್ರೀಸ್ ಅಲ್ಲ, ಇ.ಪಿ. 90 ಗೇರ್ ಆಯಿಲ್ ಹಾಕಬೇಕು ಅನ್ನುವುದನ್ನೂ ಇದೇ ಹೊತ್ತಿನಲ್ಲಿ ನೆನಪಿಡಿ. ಅದು ಒಣಗಿ ಮುರಿದರೆ ಬೇರಿಂಗ್ ಎಷ್ಟೇ ಚೆನ್ನಾಗಿದ್ದರೂ ಚಕ್ರ ಮಡಚಿಕೊಳ್ಳುತ್ತದೆ.

ಆಮೇಲೆ

ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲುಗಳನ್ನು ಮಡಚಿ, ಕ್ಯಾಪ್ ಕೂರಿಸಿ, ಬ್ರೇಕ್ ಅಡ್ಜಸ್ಟ್ ಮಾಡಿ. ಹತ್ತು ಕಿಲೋಮೀಟರ್ ನಿಧಾನ ಓಡಿಸಿ. ಆದಷ್ಟು ಬ್ರೇಕ್ ಹಿಡಿಯದೆ ನಿಲ್ಲಿಸಿ ಎರಡೂ ಹಬ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾರದಷ್ಟು ಬಿಸಿ ಅಂದರೆ ಮತ್ತೆ ಬಿಚ್ಚಿ. ಹೊಸ ಬೇರಿಂಗ್ ಮೊದಲ ದಿನಗಳಲ್ಲಿ ಕೂರುತ್ತದೆ, ಹಾಗಾಗಿ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಎಂಡ್ ಫ್ಲೋಟ್ ಮತ್ತೊಮ್ಮೆ ಅಳೆಯಬೇಕು. ನಿಂತೇ ಇರುವ ಕಾರಾದರೆ ತಿಂಗಳಿಗೊಮ್ಮೆಯಾದರೂ ಓಡಿಸಿ. ಬೇರಿಂಗಿಗೆ ವಿಶ್ರಾಂತಿ ಅಂದರೆ ಆಗಲ್ಲ.

ಕೆಲಸ ಮುಗಿದ ಪ್ರತಿ ಹಬ್ಬಿಗೂ ನಾವು ಒಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟುತ್ತೇವೆ. ಯಾವ ಚಕ್ರ, ಯಾವ ನಂಬರಿನ ಬೇರಿಂಗ್, ಎಂಡ್ ಫ್ಲೋಟ್ ಎಷ್ಟು, ಪಿನ್ ಹೊಸದಾ, ಮಾಡಿದವರು ಯಾರು, ಪರೀಕ್ಷಿಸಿದವರು ಯಾರು. ಮಾಡಿದವರೇ ಪರೀಕ್ಷಿಸುವ ಹಾಗಿಲ್ಲ, ಎರಡು ಸೈನ್ ಬೇಕು. ಎರಡನೇ ಸೈನ್ ಬೀಳುವ ತನಕ ಕೀ ಲ್ಯಾಬಿನ ಬೀರುವಿನಲ್ಲೇ ಇರುತ್ತದೆ. ಸದ್ಯ ಚೀಟಿಯಲ್ಲಿ ಎಡ ಚಕ್ರ 0.10, ಬಲ ಚಕ್ರ 0.12 ಅಂತಿದೆ. ಮರುಪರೀಕ್ಷೆಯ ಸಾಲು ಇನ್ನೂ ಖಾಲಿ. ಗೇಜ್ ಹಿಡಿದು ಆ ಸಾಲು ತುಂಬಿಸಲು ಆಸಕ್ತಿ ಇರುವವರು, ಯಾವ ಬ್ರಾಂಚ್ ಆದರೂ ಪರವಾಗಿಲ್ಲ, ಶನಿವಾರ ಮಧ್ಯಾಹ್ನ ಲ್ಯಾಬ್ ಹಿಂದೆ ಬನ್ನಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ.